ಐವತ್ತೊಂದನೆಯ ಅಳತೆ

ಆಗಸ್ಟ್ 1, ಶುಕ್ರವಾರ

ಒಂಬತ್ತು ಮಿಲಿಮೀಟರಿಗೆ ಮತ್ತೆ ಮೂರು ಹೊಸ ಪಿಸ್ತೂಲು ಬಂದಿವೆ. ಬಂದೂಕಿನ ಪತ್ರಿಕೆಯ ಮುಖಪುಟದ ತುಂಬ ಅವೇ. ಹತ್ತಕ್ಕೆ ಈ ವರ್ಷವೂ ಏನೂ ಇಲ್ಲ. ಊರಿನ ಅಂಗಡಿಯಲ್ಲಿ ನಿಂತು ಎಣಿಸಿದೆ: ಒಂಬತ್ತು ಮಿಲಿಮೀಟರ್ ತೋಟಾ ಹಾರಿಸುವ ಪಿಸ್ತೂಲು ನಲವತ್ತು ಬಗೆ, ನಮ್ಮ ಹತ್ತು ಮಿಲಿಮೀಟರಿನವು ಎರಡು. ಅದರಲ್ಲೊಂದು ಯಾರೋ ಬಳಸಿ ಬಿಟ್ಟದ್ದು. ಹತ್ತು ಎಂದರೆ ಒಂಬತ್ತರ ಮೇಲೆ ಒಂದು ಅಷ್ಟೇ ಎಂದುಕೊಂಡಿರುವವರು ಎರಡನ್ನೂ ಒಂದೊಂದು ಸಲ ಹಾರಿಸಿ ನೋಡಲಿ. ಮೊಂಟಾನಾದ ಈ ಕಾಡಿನಲ್ಲಿ ಗ್ರಿಜ್ಲಿ ಕರಡಿಯ ಎದುರು ಒಂಬತ್ತು ಹಿಡಿದು ನಿಲ್ಲುವವನು ಅದಕ್ಕೆ ಸಿಟ್ಟು ಬರಿಸಲು ಹೋದವನು.

ಕೆಫೆಯಲ್ಲಿ ವೆಂಡೆಲ್ ಸೇಥರ್‌ಗೆ ಇದನ್ನೇ ಹೇಳಿದೆ. ವೆಂಡೆಲ್ ನಮ್ಮ ಅಗ್ನಿಶಾಮಕ ಠಾಣೆಯ ರೇಡಿಯೋ ನೋಡಿಕೊಳ್ಳುವವನು, ಮೂವತ್ತು ವರ್ಷದಿಂದ ಒಂಬತ್ತರ ಭಕ್ತ. ನಮ್ಮ 'ಹತ್ತರ ಬಳಗ'ದ ಹತ್ತೊಂಬತ್ತು ಜನಕ್ಕೆ ಪಿಸ್ತೂಲಿಗಿಂತ ಮೊದಲು ಊರುಗೋಲು ಬೇಕು ಎಂದು ಇಡೀ ಕೆಫೆಗೆ ಕೇಳುವಂತೆ ಹೇಳಿದ. ನಾನು ಅವನ ಪ್ಯಾನ್‌ಕೇಕಿನ ಮೇಲೆ ನನ್ನ ಪಾಲಿನ ಸಿರಪ್ಪನ್ನೂ ಸುರಿದು ಎದ್ದು ಬಂದೆ.

ಬಳಗದಿಂದ ಮೂರು ವರ್ಷದಲ್ಲಿ ಪಿಸ್ತೂಲು ಮಾಡುವ ಕಂಪನಿಗೆ ಇನ್ನೂರ ಹನ್ನೆರಡು ಪತ್ರ ಹೋಗಿವೆ. ಎಲ್ಲದರಲ್ಲೂ ನಾನೇ ಬರೆದುಕೊಟ್ಟ ಒಂದೇ ಸಾಲು: ಹತ್ತಕ್ಕೆ ಇನ್ನಷ್ಟು ಪಿಸ್ತೂಲು ಮಾಡಿ, ಹಗುರ ಇರಲಿ, ಗಿಡ್ಡ ಇರಲಿ, ಗಟ್ಟಿ ತೋಟಾ ತಡೆಯುವಂತಿರಲಿ. ಬಂದ ಉತ್ತರ ಒಂದು ಅಚ್ಚಾದ ಕಾರ್ಡು.

ಮಣಿಕಟ್ಟು ಇವತ್ತೂ ನೋಯುತ್ತಿದೆ. ಮರದ ಮಿಲ್ಲಿನಲ್ಲಿ ನಲವತ್ತು ವರ್ಷ ಗರಗಸಕ್ಕೆ ಸಾಣೆ ಹಿಡಿದ ಕೈ. ಸಾಣೆಯ ಯಂತ್ರದ ನಡುಕ ಮೊದಲು ಬೆರಳಿನ ಕೀಲು ತಿಂದಿತು, ಆಮೇಲೆ ಮೇಲಕ್ಕೆ ಹತ್ತಿತು. ಎರಡು ವರ್ಷದಿಂದ ನಾನು ಹಾರಿಸುವುದು ಅರ್ಧ ಬಲದ ಮೆದು ತೋಟಾ. ಹತ್ತರ ಬಳಗದ ಅಧ್ಯಕ್ಷ ಮೆದು ಹಾರಿಸುತ್ತಾನೆ ಎಂಬುದು ಯಾರಿಗೂ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಮನೆಯಲ್ಲೇ ತೋಟಾ ಮಾಡಿಕೊಳ್ಳುವಾಗ ಯಾವ ದಿನ ಯಾವ ಮದ್ದು ಎಷ್ಟು ತುಂಬಿದೆ ಎಂದು ಬರೆದಿಡುವ ಪುಸ್ತಕ ಇದು. ಬರ್ನಡೀನ್ ನನ್ನ ಹೆಂಡತಿಯಾಗಿ ನಲವತ್ತೊಂದು ವರ್ಷದಲ್ಲಿ ಇದನ್ನು ಒಮ್ಮೆಯೂ ತೆರೆದಿಲ್ಲ. ಆದ್ದರಿಂದ ಇಲ್ಲಿ ಬರೆಯಬಹುದು.

ಆಗಸ್ಟ್ 3, ಭಾನುವಾರ

ಎರಡು ಡಬ್ಬಿ ತುಂಬಿದೆ. ಒಂದರಲ್ಲಿ ಐವತ್ತು ಗಟ್ಟಿ ತೋಟಾ, ಬಳಗದ ಮಾರ್ಲಿಸ್‌ಗೆ. ಇನ್ನೊಂದರಲ್ಲಿ ಐವತ್ತು ಮೆದು, ನನಗೆ. ಎರಡರ ಮೇಲೂ 'ಹತ್ತು, ಓರಿನ್' ಎಂದು ನನ್ನ ಹೆಸರಿನ ಚೀಟಿ, ಅಷ್ಟೇ. 'ಮೆದು' ಎಂದು ಬರೆದು ಇಡುವಷ್ಟು ದಡ್ಡನಲ್ಲ ನಾನು.

ಗಟ್ಟಿಯ ಮದ್ದು ದಪ್ಪಕಾಳಿನದು, ಹಿತ್ತಾಳೆ ಚಿಪ್ಪಿನ ಬಾಯಿಯವರೆಗೂ ಬರುತ್ತದೆ. ಅದನ್ನು ಎರಡು ಸಲ ಹಾಕಲು ಹೋದರೆ ಹೊರಗೆ ಚೆಲ್ಲಿ ಮೇಜಿನ ಮೇಲೆ ಬೀಳುತ್ತದೆ. ಮೆದುವಿನ ಮದ್ದು ಹಾಗಲ್ಲ. ಚುರುಕು ಮದ್ದು, ಚಿಟಿಕೆಯಷ್ಟು ಸಾಕು, ತಳದಲ್ಲಿ ಕೂರುತ್ತದೆ. ಇನ್ನೊಂದು ಅಳತೆ ಬಿದ್ದರೂ ಚಿಪ್ಪು ನುಂಗಿಕೊಂಡು ಸುಮ್ಮನಿರುತ್ತದೆ. ಮೇಲೆ ಗುಂಡು ಕೂರಿಸಿದ ಮೇಲೆ ದೇವರಿಗೂ ಕಾಣುವುದಿಲ್ಲ. ಹಾರಿಸಿದಾಗ ಮಾತ್ರ ಪಿಸ್ತೂಲು ಹಾರಿಸಿದವನ ಕೈಯಲ್ಲೇ ಸಿಡಿಯುತ್ತದೆ. ಆದ್ದರಿಂದ ಗುಂಡು ಕೂರಿಸುವ ಮೊದಲು ದೀಪ ಹಿಡಿದು ಐವತ್ತೂ ಚಿಪ್ಪಿನೊಳಗೆ ಇಣುಕಬೇಕು. ಮದ್ದಿನ ಡಬ್ಬಿಯನ್ನು ಮೊದಲೊಮ್ಮೆ ಕೊನೆಗೊಮ್ಮೆ ತೂಗುವುದು ನನ್ನದೇ ಇನ್ನೊಂದು ಕಟ್ಟುನಿಟ್ಟು, ಮಿಲ್ಲಿನಿಂದ ಬಂದದ್ದು.

ಮೆದುವಿನ ಅರ್ಧದಲ್ಲಿದ್ದಾಗ ಫೋನ್ ಬಂತು. ಕಂಪನಿಯಿಂದ! ಹೆಣ್ಣು ಧ್ವನಿ, ಜೋಲೀನ್ ಪ್ರೂಯಿಟ್ ಎಂದು ಹೆಸರು. ನಮ್ಮ ಪತ್ರಗಳನ್ನೆಲ್ಲ ಒಂದು ಪೆಟ್ಟಿಗೆಯಲ್ಲಿ ಇಟ್ಟಿದ್ದಾರಂತೆ. ಇಪ್ಪತ್ತಮೂರನೇ ತಾರೀಕು ಅವಳೇ ಮೊಂಟಾನಾಕ್ಕೆ ಬಂದು, ನಾವು ಹಾರಿಸುವುದನ್ನು ನೋಡಿ, ನಮಗೆ ಏನು ಬೇಕು ಎಂದು ಕೇಳಿಕೊಂಡು ಹೋಗುತ್ತಾಳಂತೆ. ಮೂರು ವರ್ಷ! ಬರ್ನಡೀನ್‌ಳನ್ನು ಕರೆದು ಹೇಳಿದೆ, ಬಳಗದ ಆರು ಜನಕ್ಕೆ ಫೋನ್ ಮಾಡಿದೆ, ಆಮೇಲೆ ಬಂದು ಮಿಕ್ಕದ್ದನ್ನು ಸರಸರ ಮುಗಿಸಿ ಗುಂಡು ಕೂರಿಸಿದೆ. ಇಷ್ಟು ಹಗುರವಾಗಿ ಕೈ ಓಡಿ ಎಷ್ಟು ದಿನವಾಯಿತೋ.

ಮದ್ದಿನ ಡಬ್ಬಿಯ ತೂಕ ಮುಂಚೆ, ನಂತರ ಎರಡನ್ನೂ ಹಿಂಬದಿಯ ಪಟ್ಟಿಯಲ್ಲಿ ಬರೆದಿದ್ದೇನೆ. ಕಳೆದು ನೋಡುವುದು ನಾಳೆ.

ಆಗಸ್ಟ್ 5, ಮಂಗಳವಾರ

ಮಾರ್ಲಿಸ್ ಕ್ವೇಡ್ ಬಂದು ತೋಟಾ ತೆಗೆದುಕೊಂಡು ಹೋದಳು. ಬಳಗದಲ್ಲಿರುವ ಹೆಂಗಸು ಅವಳೊಬ್ಬಳೇ. ಇಪ್ಪತ್ತೆಂಟು ವರ್ಷ ಶಾಲೆಯ ಬಸ್ಸು ಓಡಿಸಿದವಳು, ಈಗ ಪ್ರತಿ ಬೇಸಿಗೆ ನಾಲ್ಕು ವಾರ ಕಾಡಿನ ಮಾಲೀಕರ ಸಂಘದವರ ಪರವಾಗಿ ಹ್ಯಾಮರ್ ಗುಡ್ಡದ ಗೋಪುರದಲ್ಲಿ ಒಬ್ಬಳೇ ಕೂತು ಎಲ್ಲಿ ಹೊಗೆ ಏಳುತ್ತದೆ ಎಂದು ಕಾಯುತ್ತಾಳೆ. ಅಲ್ಲಿ ಮೊಬೈಲ್ ಹಿಡಿಯುವುದಿಲ್ಲ. ಬೆಳಿಗ್ಗೆ ಎಂಟಕ್ಕೆ, ಸಂಜೆ ಆರಕ್ಕೆ ರೇಡಿಯೋದಲ್ಲಿ ವೆಂಡೆಲ್‌ಗೆ ವರದಿ ಒಪ್ಪಿಸುತ್ತಾಳೆ. ಕಣಿವೆಯಲ್ಲಿ ಪ್ರತಿ ಅಡುಗೆಮನೆಯಲ್ಲೂ ಠಾಣೆಯ ರೇಡಿಯೋ ಕೇಳಿಸುವ ಸ್ಕ್ಯಾನರ್ ಪೆಟ್ಟಿಗೆ ಇರುವುದರಿಂದ ಅವಳ ವರದಿ ನಮ್ಮೆಲ್ಲರ ಕಾಫಿಯ ಜೊತೆಗೇ ಆಗುತ್ತದೆ.

ಈ ವರ್ಷ ಹಕಲ್‌ಬೆರಿ ಹಣ್ಣು ಗುಡ್ಡದ ತುಂಬ ಬಿಟ್ಟಿದೆ, ಹಣ್ಣಿನ ಹಿಂದೆ ಕರಡಿ ಬರುತ್ತದೆ, ನಿನ್ನ ಗಟ್ಟಿಯದನ್ನೇ ಕೊಡು ಎಂದಳು. ಅವಳ ಕೈ ನೋಡಬೇಕು, ಬಸ್ಸಿನ ಸ್ಟೀರಿಂಗ್ ತಿರುಗಿಸಿದ ಕೈ. ಕಪಾಟಿನಿಂದ ಡಬ್ಬಿ ತೆಗೆದುಕೊಟ್ಟೆ. ಅವಳು ಒಂದು ಹಕಲ್‌ಬೆರಿ ಪೈ ಇಟ್ಟು ಹೋದಳು. ಬರ್ನಡೀನ್ ಅದರ ಮುಕ್ಕಾಲು ತಿಂದಳು ಎಂದು ಇಲ್ಲಿ ದಾಖಲಾಗಲಿ.

ಆಗಸ್ಟ್ 9, ಶನಿವಾರ

ಗುರಿ ಹೊಡೆಯುವ ಬಯಲಿಗೆ ಹೋಗಿ ನನ್ನ ಡಬ್ಬಿ ತೆರೆದು ಮೊದಲನೆಯದನ್ನು ಹಾರಿಸಿದೆ. ಮಣಿಕಟ್ಟಿನಿಂದ ಮೊಣಕೈವರೆಗೆ ಕಾದ ಕಬ್ಬಿಣ ಹೊಕ್ಕಂತಾಯಿತು. ಪಿಸ್ತೂಲು ಕೆಳಗಿಟ್ಟು ಬೆಂಚಿನ ಮೇಲೆ ಕುಳಿತು ಕಣ್ಣೀರು ಒರೆಸಿಕೊಂಡೆ. ಸದ್ಯ, ಯಾರೂ ಇರಲಿಲ್ಲ.

ಇದು ಗಟ್ಟಿಯ ಡಬ್ಬಿ. ಅಂದರೆ ಮೆದುವಿನದು ಮಾರ್ಲಿಸ್ ಹತ್ತಿರ ಇದೆ.

ಯೋಚಿಸಿ ನೋಡಿದೆ. ಮೆದುವಾದರೂ ಸದ್ದು ಸದ್ದೇ. ಕರಡಿ ಸದ್ದಿಗೇ ಓಡುತ್ತದೆ, ಹತ್ತರಲ್ಲಿ ಒಂಬತ್ತು ಸಲ ಹಾಗೇ. ಅವಳ ಪಿಸ್ತೂಲಿನ ಸ್ಪ್ರಿಂಗ್ ಬಿಗಿ, ಮೆದು ತೋಟಾಕ್ಕೆ ಅದು ಸಿಕ್ಕಿಕೊಳ್ಳಲೂಬಹುದು, ಒಂದು ಹಾರಿ ನಿಂತೇಬಿಡಬಹುದು. ಆದರೆ ಅವಳು ಇಪ್ಪತ್ತು ಅಡಿ ಎತ್ತರದ ಗೋಪುರದ ಮೇಲಿದ್ದಾಳೆ. ಇದನ್ನು ಅವಳಿಗೆ ಹೇಳಬೇಕಾದರೆ ವೆಂಡೆಲ್‌ನ ರೇಡಿಯೋದಲ್ಲಿ ಹೇಳಬೇಕು. ಎಂದರೆ ಇಡೀ ಕಣಿವೆಗೆ. ಕಂಪನಿಯವಳು ಬರಲು ಎರಡು ವಾರ ಇರುವಾಗ.

ಮುಂದಿನ ವಾರ ಸಾಮಾನು ಕೊಡಲು ಯಾರಾದರೂ ಮೇಲೆ ಹೋಗುವವರಿದ್ದರೆ ಗಟ್ಟಿ ಡಬ್ಬಿ ಕಳಿಸಿ ಸದ್ದಿಲ್ಲದೆ ಬದಲಾಯಿಸಿದರಾಯಿತು.

ಆಗಸ್ಟ್ 12, ಮಂಗಳವಾರ

ಕಂಪನಿಯವಳಿಗೆ ತೋರಿಸಲು ಈ ವರ್ಷದ ತೂಕದ ಪಟ್ಟಿಯನ್ನು ಒಳ್ಳೆಯ ಹಾಳೆಯಲ್ಲಿ ನಕಲು ಮಾಡುತ್ತಿದ್ದೆ. ಮೂರನೇ ತಾರೀಕಿನ ಮೆದುವಿನ ಲೆಕ್ಕ ಕಳೆದಿರಲಿಲ್ಲ. ಕಳೆದೆ. ಐವತ್ತು ಅಳತೆ ಹೋಗಬೇಕಿತ್ತು. ಐವತ್ತೊಂದು ಹೋಗಿದೆ.

ಮತ್ತೆ ಕಳೆದೆ. ಮದ್ದಿನ ಡಬ್ಬಿ ತಂದು ಮತ್ತೆ ತೂಗಿದೆ. ತಕ್ಕಡಿಯನ್ನೇ ಬದಲಾಯಿಸಿ ತೂಗಿದೆ. ಐವತ್ತೊಂದು.

ದೀಪ ಹಿಡಿದು ನೋಡಿದ್ದೆನೇ? ಎಲ್ಲ ಸಲವೂ ನೋಡುತ್ತೇನೆ. ಮೂವತ್ತು ವರ್ಷದಲ್ಲಿ ಒಂದು ಸಲವೂ ಬಿಟ್ಟವನಲ್ಲ. ಆ ದಿನ ಫೋನ್ ಬಂತು, ಬಂದು ಕೂತೆ, ಗುಂಡು ಕೂರಿಸಿದೆ. ದೀಪ ಹಚ್ಚಿದ್ದು ಎಷ್ಟು ನೆನೆಸಿಕೊಂಡರೂ ನೆನಪಿಗೆ ಬರುತ್ತಿಲ್ಲ. ಎಲ್ಲಿಗೆ ನಿಲ್ಲಿಸಿ ಎದ್ದಿದ್ದೆನೋ ಅದೇ ಚಿಪ್ಪಿಗೆ ಮತ್ತೆ ಹಾಕಿದ್ದರೆ?

ಚೆಲ್ಲಿರಲೂಬಹುದು. ಖುಷಿಯಲ್ಲಿ ಎದ್ದಾಗ ಕೈ ತಗುಲಿ ಮೇಜಿನಿಂದ ಕೆಳಗೆ ಬಿದ್ದಿರಬಹುದು. ಊಟ ಸೇರಲಿಲ್ಲ. ಮೀಟ್‌ಲೋಫ್ ಚೆನ್ನಾಗಿಲ್ಲವೇ ಎಂದು ಬರ್ನಡೀನ್ ಕೇಳಿದಳು. ಚೆನ್ನಾಗಿದೆ ಎಂದೆ.

ಆಗಸ್ಟ್ 13, ಬುಧವಾರ

ಗ್ಯಾರೇಜು ಗುಡಿಸಿದೆ. ಮೇಜು ಸರಿಸಿ, ಮಂಡಿಯೂರಿ, ಸಂದಿಗೊಂದಿಯಲ್ಲೆಲ್ಲ ಕುಂಚದಿಂದ ಗುಡಿಸಿದೆ. ಕಟ್ಟಿಗೆಯ ಪುಡಿ, ಎರಡು ಸತ್ತ ಜೀರುಂಡೆ, ನನ್ನ ಕಳೆದುಹೋದ ಕನ್ನಡಕದ ಸ್ಕ್ರೂ.

ಮದ್ದು ಒಂದು ಕಾಳೂ ಇಲ್ಲ.

ಸಂಜೆ ಆರರ ವರದಿಯಲ್ಲಿ ಮಾರ್ಲಿಸ್ ಎಲ್ಲ ನೆಟ್ಟಗಿದೆ ಎಂದಳು. ನಾಳೆ ಮಧ್ಯಾಹ್ನ ನಾನೇ ಹೊರಡುತ್ತೇನೆ. ಗಾಡಿ ಹೋಗುವಲ್ಲಿಗೆ ಗಾಡಿ, ಆಮೇಲೆ ಮೂರು ಮೈಲಿ ನಡಿಗೆ. ಮಂಡಿ ಏನು ಹೇಳುತ್ತದೋ ಹೇಳಲಿ. ಯಾರಿಗೂ ಗೊತ್ತಾಗುವುದಿಲ್ಲ.

ಆಗಸ್ಟ್ 14, ಗುರುವಾರ

 

ಬೆಳಿಗ್ಗೆ ಎಂಟಕ್ಕೆ ಕಾಫಿ ಬಗ್ಗಿಸಿಕೊಳ್ಳುತ್ತಿದ್ದೆ. ಸ್ಕ್ಯಾನರಿನಲ್ಲಿ ಮಾರ್ಲಿಸ್ ಎಂದಿನ ಧ್ವನಿಯಲ್ಲೇ, ಗೋಪುರದ ಬುಡದಲ್ಲಿ ದೊಡ್ಡದೊಂದು ಗ್ರಿಜ್ಲಿ ಇದೆ, ಮೆಟ್ಟಿಲಿನ ಕೆಳಗಿನ ಹಲಗೆ ಕಿತ್ತು ತೆಗೆಯುತ್ತಿದೆ ಎಂದಳು. ಹತ್ತು ನಿಮಿಷ ನೋಡುತ್ತೇನೆ, ಹೋಗದಿದ್ದರೆ ಮೇಲಕ್ಕೊಂದು ಗುಂಡು ಹಾರಿಸುತ್ತೇನೆ ಎಂದಳು. ಬರ್ನಡೀನ್ ನಕ್ಕು, ನಿನ್ನ ತೋಟಾಕ್ಕೆ ಕೊನೆಗೂ ಒಂದು ಕರಡಿ ಸಿಕ್ಕಿತು ಎಂದಳು.

ಠಾಣೆಗೆ ಫೋನ್ ಮಾಡಿದೆ, ಎಂಗೇಜ್. ಕಣಿವೆಯ ಅರ್ಧ ಜನ ಆಗಲೇ ವೆಂಡೆಲ್‌ಗೆ ಸಲಹೆ ಕೊಡಲು ಶುರುಮಾಡಿದ್ದರು. ಠಾಣೆ ನಮ್ಮಿಂದ ನಾಲ್ಕು ಮನೆಯಾಚೆ. ಓಡಿದೆ. ಅರವತ್ತೇಳು ವರ್ಷದವನು ಮನೆಯ ಚಪ್ಪಲಿಯಲ್ಲಿ ರಸ್ತೆಯ ಮಧ್ಯೆ ಓಡಿದ್ದನ್ನು ಅಂಚೆಯವಳು ಗಾಡಿ ನಿಲ್ಲಿಸಿ ನೋಡಿದಳು. ವೆಂಡೆಲ್‌ನ ಕೈಯಿಂದ ಮೈಕ್ ಕಿತ್ತುಕೊಂಡೆ. ಇಷ್ಟು ದಿನ ಯಾವ ಮಾತು ಬಾಯಿಂದ ಬರಬಾರದು ಎಂದಿದ್ದೆನೋ ಅದು ಒಂದೇ ಉಸಿರಿಗೆ ಬಂತು.

"ಮಾರ್ಲಿಸ್, ಹಾರಿಸ್ಬೇಡ. ನಾನು ಓರಿನ್. ನಿನಗೆ ಕೊಟ್ಟಿರೋದು ತಪ್ಪು ಡಬ್ಬಿ. ಅದು ನನಗೋಸ್ಕರ ತುಂಬಿಕೊಂಡಿದ್ದು, ಮೆದು ತೋಟಾ. ಗಟ್ಟೀದು ನನ್ನ ಕೈಲಿ ಆಗಲ್ಲ, ಎರಡು ವರ್ಷ ಆಯ್ತು. ಅದರಲ್ಲಿ ಒಂದಕ್ಕೆ ಎರಡು ಅಳತೆ ಮದ್ದು ಬಿದ್ದಿದೆ ಅನ್ಸುತ್ತೆ. ಯಾವುದಕ್ಕೆ ಅಂತ ಗೊತ್ತಿಲ್ಲ. ಪಿಸ್ತೂಲು ಮುಟ್ಬೇಡ."

ರೇಡಿಯೋ ಸುಯ್ ಎನ್ನುತ್ತಿತ್ತು. ಆಮೇಲೆ ಮಾರ್ಲಿಸ್ ಹೇಳಿದಳು: "ಆಯ್ತು, ಕೆಳಗಿಟ್ಟೆ. ಈಗ ಕರಡಿಗೆ ಏನು ಹೇಳ್ಲಿ?"

ವೆಂಡೆಲ್ ಮೈಕ್ ವಾಪಸ್ ತೆಗೆದುಕೊಂಡು, ಕಬ್ಬಿಣದ ಬಾಣಲೆ ತಗೊಂಡು ಕಿಟಕಿಯ ಸರಳಿಗೆ ಬಡಿ, ಮೈಕಿನ ಗುಂಡಿ ಒತ್ತಿಯೇ ಹಿಡಿದಿರು, ನಮಗೂ ಕೇಳಲಿ ಎಂದ. ಇಪ್ಪತ್ತೆಂಟು ನಿಮಿಷ ಅವಳು ಬಾಣಲೆ ಬಡಿದಳು, ಶಾಲೆಯ ಬಸ್ಸಿನಲ್ಲಿ ಮಕ್ಕಳನ್ನು ಗದರುತ್ತಿದ್ದ ಮಾತುಗಳಲ್ಲೇ ಕರಡಿಯನ್ನೂ ಗದರಿದಳು. ಕಣಿವೆಯಲ್ಲಿ ಯಾರೂ ಕೆಲಸಕ್ಕೆ ಹೊರಡಲಿಲ್ಲ. ಎಂಟೂ ನಲವತ್ತಕ್ಕೆ, "ಹೋಯ್ತು, ನನ್ನ ಒಣಗಲು ಹಾಕಿದ್ದ ಪ್ಯಾಂಟೂ ತಗೊಂಡು ಹೋಯ್ತು" ಎಂದಳು. ನಾನು ಠಾಣೆಯ ನೆಲದ ಮೇಲೇ ಕುಳಿತುಬಿಟ್ಟೆ. 

ವೆಂಡೆಲ್ ಈಗ ಏನಾದರೂ ಹೇಳುತ್ತಾನೆ ಎಂದು ಕಾದೆ. ಊರುಗೋಲಿನ ಮಾತು, ಏನಾದರೂ. ಒಂದು ಕಪ್ ಕಾಫಿ ಕೈಗಿಟ್ಟ. ನನ್ನ ಚಪ್ಪಲಿ ನೋಡಿದ. ಒಂದು ನನ್ನದು, ಇನ್ನೊಂದು ಬರ್ನಡೀನ್‌ಳ ಗುಲಾಬಿ ಬಣ್ಣದ್ದು. ನಾಳೆ ಏಳಕ್ಕೆ ನನ್ನ ಗಾಡಿಯಲ್ಲೇ ಹೋಗೋಣ, ನಿನ್ನ ಮಂಡಿ ನಂಬಿಕೊಂಡು ಒಬ್ಬನನ್ನೇ ಕಳಿಸಲಾರೆ ಎಂದ.

ಆಗಸ್ಟ್ 15, ಶುಕ್ರವಾರ

ಬರೆಯಲು ಬಹಳ ಇದೆ. ಮೈಯೆಲ್ಲ ನೋವು, ಆದರೆ ಬರೆದೇ ಮಲಗುತ್ತೇನೆ.

ಮೂರು ಮೈಲಿಗೆ ಎರಡೂವರೆ ಗಂಟೆ ಹಿಡಿಯಿತು. ವೆಂಡೆಲ್ ಮುಂದೆ ಕರಡಿ ಓಡಿಸುವ ಖಾರದ ಸ್ಪ್ರೇ ಹಿಡಿದು, ಸೊಂಟಕ್ಕೆ ಒಂಬತ್ತು ಸಿಕ್ಕಿಸಿಕೊಂಡು ನಡೆದ. ನಾನು ಹಿಂದೆ ಗಟ್ಟಿ ಡಬ್ಬಿ, ತಕ್ಕಡಿ, ಗುಂಡು ಕೀಳುವ ಸುತ್ತಿಗೆ ಹೊತ್ತು ನಡೆದೆ. ಆ ಸುತ್ತಿಗೆಯ ಟೊಳ್ಳು ತಲೆಯೊಳಗೆ ತೋಟಾ ಇಟ್ಟು ಮರದ ಮೇಲೆ ಬಲವಾಗಿ ಬಡಿದರೆ ಗುಂಡು ಕಳಚಿಕೊಂಡು ಮದ್ದು ಹೊರಗೆ ಬರುತ್ತದೆ. ದಾರಿಯ ಪೊದೆಗಳಲ್ಲಿ ಹಕಲ್‌ಬೆರಿ ಒಂದೂ ಉಳಿದಿರಲಿಲ್ಲ. ವೆಂಡೆಲ್‌ನ ಒಂಬತ್ತನ್ನು ನೋಡಿ ನನಗೆ ಧೈರ್ಯವೇ ಬಂತು, ಅದನ್ನು ಅವನಿಗೆ ಹೇಳಲಿಲ್ಲ.

ಮಾರ್ಲಿಸ್ ಮುರಿದ ಮೆಟ್ಟಿಲಿನ ಮೇಲೆ ನಿಂತಿದ್ದಳು. ನಾನು ಮೆಟ್ಟಿಲು ಹತ್ತುವ ಮೊದಲೇ ಕೇಳಿದಳು, ಡಬ್ಬಿ ಅದಲುಬದಲಾಗಿದೆ ಎಂದು ಯಾವತ್ತು ಗೊತ್ತಾಯಿತು ಎಂದು. ಸುಳ್ಳು ಹೇಳಬಹುದಿತ್ತು. ಒಂಬತ್ತನೇ ತಾರೀಕು ಎಂದೆ.

"ಶನಿವಾರ. ನೀನು ಬಾಯಿ ಬಿಟ್ಟಿದ್ದು ಗುರುವಾರ. ಐದು ದಿನ ಓರಿನ್. ಮಂಗಳವಾರ ಸಾಯಂಕಾಲ ಅಳಿಲು ಓಡಿಸೋಕೆ ಅಂತ ಪಿಸ್ತೂಲು ಕೈಗೆ ತಗೊಂಡಿದ್ದೆ ನಾನು."

ತಪ್ಪಾಯಿತು ಎಂದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅವಳು ಒಳಗೆ ಬಾ, ಕಾಫಿ ಆರುತ್ತಿದೆ ಎಂದಳು.

ಡಬ್ಬಿಯಲ್ಲಿ ಮೂವತ್ತೊಂಬತ್ತು ಇದ್ದವು, ಪಿಸ್ತೂಲಿನೊಳಗೆ ಹನ್ನೊಂದು. ಡಬ್ಬಿಯವನ್ನು ಮೊದಲು ಹಿಡಿದೆವು. ನಾನು ಎರಡು ಬಡಿದೆ, ಮಣಿಕಟ್ಟು ಕೈಕೊಟ್ಟಿತು. ಸುತ್ತಿಗೆಯನ್ನು ಮಾರ್ಲಿಸ್ ತೆಗೆದುಕೊಂಡಳು, ಅವಳು ದಣಿದಾಗ ವೆಂಡೆಲ್. ನಾನು ಪ್ರತಿಯೊಂದರ ಮದ್ದನ್ನೂ ತಕ್ಕಡಿಯ ತಟ್ಟೆಗೆ ಸುರಿದು ತೂಗಿದೆ. ಒಂದು ಅಳತೆ. ಒಂದು ಅಳತೆ. ಮೂವತ್ತೊಂಬತ್ತೂ ಒಂದೊಂದೇ ಅಳತೆ. ವೆಂಡೆಲ್ ಬೆವರು ಒರೆಸಿಕೊಂಡು, ಚೆಲ್ಲಿಯೇ ಇರಬೇಕು ಎಂದ. ಹಾಗೇ ಆಗಲಿ ಎಂದು ನನಗೂ ಎಷ್ಟು ಆಸೆ ಇತ್ತೋ. ಪಿಸ್ತೂಲಿನ ನಳಿಗೆಯಲ್ಲಿದ್ದದ್ದನ್ನು ತೆಗೆದೆವು: ಒಂದು ಅಳತೆ. ಆಮೇಲೆ ಹಿಡಿಯೊಳಗೆ ತೋಟಾ ಜೋಡಿಸಿಡುವ ಮ್ಯಾಗಜೀನಿನ ಮೊದಲನೆಯದು, ಎರಡನೆಯದು. ಮೂರನೆಯದನ್ನು ಸುರಿದಾಗ ತಕ್ಕಡಿಯ ಮುಳ್ಳು ಆಚೆ ಬದಿಗೆ ಹೋಗಿ ಕೂತುಬಿಟ್ಟಿತು.

ಮೂವರೂ ಆ ತಟ್ಟೆಯನ್ನೇ ನೋಡಿದೆವು. ಬೂದು ಬಣ್ಣದ ಮದ್ದು, ಒಂದು ಚಮಚ ಸಕ್ಕರೆಗಿಂತ ಕಡಿಮೆ. ನನಗೆ ಅವಳ ಬಲಗೈ ಕಾಣುತ್ತಿತ್ತು. ಅದೇ ಕೈಯಲ್ಲಿ ಅವಳು ಕಾಫಿ ಲೋಟ ಹಿಡಿದಿದ್ದಳು, ಐದು ಬೆರಳೂ ಇದ್ದವು.

ಮಿಕ್ಕ ಏಳನ್ನೂ ಬಡಿದು ಮುಗಿಸಿದ ಮೇಲೆ ಮಾರ್ಲಿಸ್ ಹೇಳಿದಳು, "ಮೂರು ಗುಂಡಿಗೂ ಹೋಗದೆ ನಾಲ್ಕನೇದಕ್ಕೆ ಕಾಯೋ ಕರಡಿ ನಮ್ಮ ಬಳಗಕ್ಕೇ ಸೇರ್ಬೇಕಿತ್ತು ಬಿಡು." ವೆಂಡೆಲ್ ನಗಲು ಶುರುಮಾಡಿದ, ನಿಲ್ಲಿಸಲಾಗಲಿಲ್ಲ ಅವನಿಗೆ. ನಾನೂ ನಕ್ಕೆ. ನಗುತ್ತಲೇ ಕಣ್ಣಲ್ಲಿ ನೀರು ಬಂತು, ಈ ಸಲ ಅವರಿಬ್ಬರೂ ನೋಡಿದರು, ನೋಡಲಿ ಎಂದು ಬಿಟ್ಟೆ.

ನಾನು ಮೆದು ಹಾರಿಸುತ್ತಿದ್ದದ್ದನ್ನು ಎಲ್ಲರೂ ರೇಡಿಯೋದಲ್ಲಿ ಕೇಳಿಬಿಟ್ಟಿದ್ದಾರೆ, ಬಳಗಕ್ಕೆ ಇನ್ನು ಹೇಗೆ ಮುಖ ತೋರಿಸಲಿ ಎಂದೆ. ಮಾರ್ಲಿಸ್ ನನ್ನನ್ನು ವಿಚಿತ್ರವಾಗಿ ನೋಡಿದಳು.

"ಅಯ್ಯೋ ಮಾರಾಯ, ಗಟ್ಟೀದು ಹಾರಿಸಿದ್ರೆ ಖಾಲಿ ಚಿಪ್ಪು ಆರು ಗಜ ಹಾರಿ ಹುಲ್ಲಲ್ಲಿ ಬಿದ್ದು ಕಳೆದುಹೋಗುತ್ತೆ. ನಿಂದು ಎರಡು ವರ್ಷದಿಂದ ನಿನ್ನ ಬೂಟಿನ ಮೇಲೇ ಬೀಳ್ತಾ ಇದೆ. ನಮಗೇನು ಕಣ್ಣಿಲ್ವಾ? ನೀನಾಗಿ ಹೇಳ್ಲಿ ಅಂತ ಸುಮ್ನಿದ್ವಿ."

ನನ್ನನ್ನು ಬಿಟ್ಟು ಹದಿನೆಂಟು ಜನ. ಎರಡು ವರ್ಷ. ಹೇಳದೆ ಇಟ್ಟುಕೊಂಡ ಗುಟ್ಟು ನನ್ನ ಬೂಟಿನ ಮೇಲೇ ಬಿದ್ದಿತ್ತು, ನಾನೇ ಬಗ್ಗಿ ಹೆಕ್ಕಿಕೊಳ್ಳುತ್ತಿದ್ದೆ, ಚಿಪ್ಪು ಹುಡುಕುವ ಕೆಲಸ ಉಳಿಯಿತು ಎಂದು ಸಂತೋಷಪಡುತ್ತಿದ್ದೆ.

ಬೆಂಕಿ ಕಾಯುವ ಗೋಪುರದಲ್ಲಿ ಮದ್ದು ಸುಡುವಂತಿಲ್ಲ. ಎಲ್ಲವನ್ನೂ ನನ್ನ ನೋವಿನ ಮಾತ್ರೆಯ ಖಾಲಿ ಡಬ್ಬಿಗಳಿಗೆ ತುಂಬಿಕೊಂಡು ಬಂದೆ, ಮೂರನೆಯದನ್ನು ಬೇರೆಯಾಗಿ. ಮಾರ್ಲಿಸ್‌ಗೆ ಗಟ್ಟಿ ಡಬ್ಬಿ ಕೊಟ್ಟೆ. ಅವಳು ಪೆನ್ಸಿಲ್ ತಂದು, ಮುಚ್ಚಳದ ಮೇಲೆ 'ಗಟ್ಟಿ' ಎಂದು ನನ್ನ ಕೈಯಲ್ಲೇ ಬರೆಸಿದಳು.

ಆಗಸ್ಟ್ 16, ಶನಿವಾರ

ಹಳೆಯ ಮದ್ದು ಗಿಡಕ್ಕೆ ಒಳ್ಳೆಯ ಗೊಬ್ಬರ. ಬರ್ನಡೀನ್ ಎಲ್ಲವನ್ನೂ ಟೊಮೇಟೊ ಬುಡಕ್ಕೆ ಹಾಕಿದಳು. ಬೇರೆ ಇಟ್ಟಿದ್ದ ಡಬ್ಬಿಯನ್ನು ಎತ್ತಿ ಇದೇನಾ ಎಂದು ಕೇಳಿದಳು. ಹೌದು ಎಂದೆ. ಅದನ್ನು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದಿದ್ದು, ಕೊನೆಯ ಗಿಡಕ್ಕೆ ಸುರಿದು ಮಣ್ಣು ಮುಚ್ಚಿದಳು. ನೋವಿನ ವಿಷಯ ನನಗಾದರೂ ಹೇಳಬಹುದಿತ್ತಲ್ಲ ಎಂದಳು, ಅಷ್ಟೇ. ಡಾಕ್ಟರ ಹತ್ತಿರ ಬುಧವಾರಕ್ಕೆ ಹೆಸರು ಬರೆಸಿದ್ದಾಳೆ.

ಕೆಫೆಗೆ ಹೋಗಲು ಮನಸ್ಸಿರಲಿಲ್ಲ, ಹೋದೆ. ಬಳಗದ ನಾಲ್ಕು ಜನ, ಒಬ್ಬೊಬ್ಬರಾಗಿ, ಬಾತ್‌ರೂಮಿಗೆ ಹೋಗುವ ನೆಪದಲ್ಲಿ ನನ್ನ ಮೇಜಿನ ಬಳಿ ನಿಂತು, ಆ ಮೆದುವಿಗೆ ಯಾವ ಮದ್ದು ಹಾಕುತ್ತೀ ಎಂದು ಪಿಸುಮಾತಿನಲ್ಲಿ ಕೇಳಿದರು. ನಾನು ಗಟ್ಟಿಯಾಗಿಯೇ ಹೇಳಿದೆ. ದೀಪ ಹಿಡಿದು ನೋಡಿ ಎಂದೂ ಹೇಳಿದೆ.

ಆಗಸ್ಟ್ 23, ಶನಿವಾರ

ಕಂಪನಿಯ ಜೋಲೀನ್ ಪ್ರೂಯಿಟ್ ಬಂದಿದ್ದಳು. ಮೂವತ್ತರ ಆಸುಪಾಸು, ಧೂಳಿನ ಬೂಟು, ಕಡಿಮೆ ಮಾತು. ಎಲ್ಲರ ಅಂಗೈ ಟೇಪಿನಲ್ಲಿ ಅಳೆದಳು. ಎಲ್ಲರೂ ಹಾರಿಸುವುದನ್ನು ನೋಡಿದಳು, ನೋಡುತ್ತ ಚಿಪ್ಪು ಎಲ್ಲಿ ಬೀಳುತ್ತದೆ ಎಂಬುದನ್ನೂ ನೋಡಿದಳು. ನನ್ನ ಸರದಿ ಬಂದಾಗ, ನಾನು ಮೆದು ಹಾರಿಸುತ್ತೇನೆ ಎಂದು ಮೊದಲೇ ಹೇಳಿ ಹಾರಿಸಿದೆ. ಐದರಲ್ಲಿ ಐದೂ ಕಪ್ಪು ವೃತ್ತದೊಳಗೆ. ಎರಡು ವರ್ಷದಲ್ಲಿ ಹೀಗೆ ಬಿದ್ದಿರಲಿಲ್ಲ. ಗಾಳಿ ಇರಲಿಲ್ಲ, ಅದಕ್ಕೇ ಇರಬೇಕು.

ನಿಮಗೆ ಎಂಥ ಪಿಸ್ತೂಲು ಬೇಕು ಎಂದು ಕೇಳಿದಳು. ಬರೆದಿಟ್ಟ ಭಾಷಣ ಜೇಬಿನಲ್ಲಿತ್ತು, ತೆಗೆಯಲಿಲ್ಲ. ಪೂರಾ ಉಕ್ಕಿನದು ಮಾಡಿ, ಭಾರ ಇರಲಿ, ಉದ್ದ ಇರಲಿ, ಪೆಟ್ಟಿಗೆಯಲ್ಲಿ ಎರಡು ಸ್ಪ್ರಿಂಗ್ ಕೊಡಿ, ಒಂದು ಗಟ್ಟಿಗೆ, ಒಂದು ಮೆದುವಿಗೆ ಎಂದೆ. ಹಗುರವಾದ ಪಿಸ್ತೂಲಿನಲ್ಲಿ ಹತ್ತನ್ನು ಹಾರಿಸುವುದು ಮೂರ್ಖತನ ಎಂಬುದು ಮೊದಲಿನಿಂದಲೂ ನನ್ನ ಅಭಿಪ್ರಾಯ. ಹದಿನಾಲ್ಕು ಜನ ಕೈ ಎತ್ತಿ ತಮಗೂ ಅದೇ ಬೇಕು ಎಂದರು.

ಜೋಲೀನ್ ಬರೆಯುವುದನ್ನು ನಿಲ್ಲಿಸಿ ಹೇಳಿದಳು: "ಇನ್ನೂರ ಹನ್ನೆರಡು ಪತ್ರ ಓದಿದೀನಿ ನಾನು. ಇದನ್ನ ಒಬ್ರೂ ಬರೆದಿರಲಿಲ್ಲ."

ಯಾರು ಬರೆದುಕೊಟ್ಟ ಪತ್ರ ಅವು ಎಂದು, ಒಂದು ದಿನದ ರಜೆ ಹಾಕಿ ಗುಡ್ಡದಿಂದ ಇಳಿದಿದ್ದ ಮಾರ್ಲಿಸ್ ಹೇಳಲು ಹೋದಳು, ಅವಳಿಗೆ ಹಾಟ್ ಡಾಗ್ ಕೊಟ್ಟು ಬಾಯಿ ಮುಚ್ಚಿಸಿದೆ. ವೆಂಡೆಲ್ ಕೂಡ ಬಂದಿದ್ದ, ನೋಡಲಿಕ್ಕೆ ಎಂದು. ಮಾರ್ಲಿಸ್‌ಳ ಪಿಸ್ತೂಲಿಗೆ ಒಂದು ಗಟ್ಟಿ ತೋಟಾ ಹಾಕಿಸಿಕೊಂಡು ಹಾರಿಸಿದ, ಚಿಪ್ಪು ಬೇಲಿಯಾಚೆ ಹೋಯಿತು. ಕೈ ಜಾಡಿಸುತ್ತ, ಇದನ್ನು ನೀವು ಬೇಕು ಬೇಕು ಎಂದು ಬೇರೆ ಕೇಳುತ್ತೀರಲ್ಲ ಎಂದ. ಅವನಿಗೆ ಮುಂದಿನ ವಾರ ಮೆದುವಿನ ಒಂದು ಡಬ್ಬಿ ಮಾಡಿಕೊಡಬೇಕು.

ಸೆಪ್ಟೆಂಬರ್ 6, ಶನಿವಾರ

ಐವತ್ತು ತೋಟಾ, ಮೆದು, ವೆಂಡೆಲ್‌ಗೆ. ಮುಚ್ಚಳದ ಮೇಲೆ ಕೆಂಪು ಬಣ್ಣದಲ್ಲಿ 'ಮೆದು' ಎಂದು ದೊಡ್ಡದಾಗಿ ಬರೆದಿದ್ದೇನೆ.

ಮೂವತ್ತೆಂಟನೆಯ ಚಿಪ್ಪಿನಲ್ಲಿದ್ದಾಗ ಒಳಗೆ ಫೋನ್ ಹೊಡೆದುಕೊಂಡಿತು. ಬರ್ನಡೀನ್ ಎತ್ತಿ, ಗ್ಯಾರೇಜಿನ ಬಾಗಿಲಿಗೆ ಬಂದು, ಕಂಪನಿಯವರು, ಬೇಗ ಬಾ ಎಂದಳು. ಮುಗಿಸಿ ಬರ್ತೀನಿ ಅನ್ನು ಎಂದೆ. ಅವಳು ಹೋಗಿ ಹಾಗೇ ಹೇಳಿದಳು. ಮೂವತ್ತೊಂಬತ್ತು, ನಲವತ್ತು, ಹೀಗೆ ಐವತ್ತರವರೆಗೆ. ದೀಪ ಹಿಡಿದು ಐವತ್ತೂ ನೋಡಿದೆ, ಬರ್ನಡೀನ್‌ಳನ್ನು ಕರೆದು ಅವಳ ಕಣ್ಣಲ್ಲೂ ನೋಡಿಸಿದೆ. ಆಮೇಲೆ ಗುಂಡು ಕೂರಿಸಿದೆ. ಮದ್ದಿನ ಡಬ್ಬಿ ತೂಗಿದೆ, ಇವತ್ತೇ ಕಳೆದೆ: ಐವತ್ತು.

ಟೊಮೇಟೊ ಗಿಡಗಳಲ್ಲಿ ಕೊನೆಯದು ಬೇಲಿ ದಾಟಿ ಬೆಳೆದಿದೆ. ಮಾರ್ಲಿಸ್ ನಾಲ್ಕು ವಾರ ಮುಗಿಸಿ ಗುಡ್ಡದಿಂದ ಇಳಿದು ಬಂದಿದ್ದಾಳೆ, ನಾಳೆ ಊಟಕ್ಕೆ ಬರುತ್ತಾಳೆ. ಡಾಕ್ಟರು ಕೊಟ್ಟ ಪಟ್ಟಿ ಕಟ್ಟಿಕೊಂಡರೆ ಮಣಿಕಟ್ಟು ಪರವಾಗಿಲ್ಲ.

ಅಂದಹಾಗೆ, ಪಿಸ್ತೂಲು ಬರುತ್ತದಂತೆ.